ಯುರೋಪಿನ ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರಿಗೆ ಒಂದು ಹೋಲಿಕೆ

ದಾವಣಗೆರೆ, ಚಿತ್ರದುರ್ಗಗಳಿಂದ ಯುರೋಪಿಗೋ ಅಮೆರಿಕಕ್ಕೋ ಬಿಸಿನೆಸ್ ಕ್ಲಾಸಿನಲ್ಲಿ ಹೊರಡುವವರು ಸಾಮಾನ್ಯವಾಗಿ ಮೂರು ಬಗೆಯವರು: ಮಕ್ಕಳ ಮನೆಗೆ ಹೋಗುವ, ಮೊಣಕಾಲು ನೋವಿರುವ ಹಿರಿಯ ದಂಪತಿ, ಸಮ್ಮೇಳನಕ್ಕೆ ಹೋಗುವ ವೈದ್ಯರು, ಯಂತ್ರ ನೋಡಲು ಇಲ್ಲವೇ ಸರಕು ಮಾರಲು ಹೋಗುವ ವ್ಯಾಪಾರಸ್ಥರು. ಮೂವರೂ ಟ್ರಾವೆಲ್ ಏಜೆಂಟರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಏರ್‌ಲೈನ್ಸ್ ಚೆನ್ನಾಗಿದೆ? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡುವುದು ಕಷ್ಟ, ಏಕೆಂದರೆ ಒಂದೇ ಸಂಸ್ಥೆಯ ಎರಡು ವಿಮಾನಗಳ ಸೀಟುಗಳಿಗೆ ಹದಿನೈದು ವರ್ಷಗಳ ಅಂತರ ಇರಬಹುದು, ಮತ್ತು ಎರಡಕ್ಕೂ ವಸೂಲಾಗುವ ಹಣ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸಂಸ್ಥೆಯ ಹೆಸರನ್ನು ಕೊನೆಗಿಟ್ಟು, ಯಾವ ವಿಮಾನದ ಯಾವ ಸೀಟು, ಎಲ್ಲಿ ವಿಮಾನ ಬದಲಾವಣೆ, ರಾತ್ರಿಯ ಹಾರಾಟವೋ ಹಗಲಿನದೋ ಎಂಬುದನ್ನು ಮೊದಲು ನೋಡಬೇಕು ಎಂಬುದೇ ಈ ಬರಹದ ನಿಲುವು.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಯುರೋಪಿಗೆ ನೇರ ಹಾರುವ ಅಲ್ಲಿಯ ಸಂಸ್ಥೆಗಳೆಂದರೆ ಲುಫ್ತಾನ್ಸಾ (ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್), ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ (ಎರಡೂ ಲಂಡನ್ನಿನ ಹೀಥ್ರೋಗೆ), ಏರ್ ಫ್ರಾನ್ಸ್ (ಪ್ಯಾರಿಸ್) ಮತ್ತು ಕೆಎಲ್‌ಎಂ (ಆಮ್‌ಸ್ಟರ್‌ಡ್ಯಾಂ). 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್ಲಿನಿಂದ ಹೊರಡುತ್ತವೆ. ಅಲ್ಲಿ ಈ ಐದೂ ಸಂಸ್ಥೆಗಳ ಪ್ರಯಾಣಿಕರು ಹೋಗಿ ಕೂರುವುದು ಹಂಚಿಕೆಯ ಲೌಂಜಿನಲ್ಲಿ; ಆದ್ದರಿಂದ ಬೆಂಗಳೂರಿನ ಲೌಂಜನ್ನು ಹೋಲಿಕೆಯ ಅಂಶವಾಗಿ ಎಣಿಸುವ ಅಗತ್ಯವೇ ಇಲ್ಲ.

ದುಬೈ, ದೋಹಾ, ಅಬುಧಾಬಿಗಳ ಮೇಲೆ ಹೋಗುವ ಕೊಲ್ಲಿ ದೇಶಗಳ ಸಂಸ್ಥೆಗಳಲ್ಲಿಯೂ ಸೀಟು ಅಚ್ಚುಕಟ್ಟಾಗಿದೆ, ಊಟ ಇನ್ನೂ ರುಚಿಯಾಗಿದೆ ಎನ್ನುವವರಿದ್ದಾರೆ. ಆ ಮಾತು ಸುಳ್ಳಲ್ಲ. ಆದರೆ ಅಲ್ಲಿ ರಾತ್ರಿ ಎರಡು ತುಂಡಾಗುತ್ತದೆ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆಯ ಹಾರಾಟ. ಊಟ ಬಡಿಸಿ ತಟ್ಟೆ ತೆಗೆದು ದೀಪ ಆರಿಸುವಷ್ಟರಲ್ಲಿ ಇಳಿಯುವ ಘೋಷಣೆ ಕೇಳಿಸುತ್ತದೆ, ಆಮೇಲೆ ನಿಲ್ದಾಣದ ಬೆಳಕಿನಲ್ಲಿ ಎರಡು ಮೂರು ಗಂಟೆ ಎಚ್ಚರವಾಗಿದ್ದು ಮುಂದಿನ ವಿಮಾನ ಹತ್ತಬೇಕು. ಯುರೋಪಿಗೆ ನೇರ ಹೋಗುವ ವಿಮಾನದಲ್ಲಿ ಹತ್ತರಿಂದ ಹನ್ನೊಂದು ಗಂಟೆ ಒಂದೇ ಸಮನೆ ಸಿಗುತ್ತದೆ, ಅದರಲ್ಲಿ ಆರು ಏಳು ಗಂಟೆ ನಿದ್ದೆ ಮಾಡಲು ಸಾಧ್ಯ. ಬಿಸಿನೆಸ್ ಕ್ಲಾಸಿಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಹಾಸಿಗೆಯದ್ದೇ ಆದ್ದರಿಂದ, ಹಾಸಿಗೆ ಹೆಚ್ಚು ಹೊತ್ತು ಉಪಯೋಗಕ್ಕೆ ಬರುವ ದಾರಿಯೇ ಲಾಭದ ದಾರಿ.

ಸೀಟು: ಹೋಲಿಕೆಯ ಮುಖ್ಯ ಭಾಗ

ಟಿಕೆಟ್ ಕೊಳ್ಳುವ ಮುನ್ನ ಸಂಸ್ಥೆಯ ಜಾಲತಾಣದಲ್ಲಿ ಆ ದಿನದ ವಿಮಾನದ ಸೀಟ್ ಮ್ಯಾಪ್ ತೆರೆದು ನೋಡಬೇಕು. ಒಂದು ಸಾಲಿನಲ್ಲಿ ಸೀಟುಗಳು ಕಿಟಕಿ ಪಕ್ಕ ಒಂದು, ನಡುವೆ ಎರಡು, ಆಚೆ ಕಿಟಕಿ ಪಕ್ಕ ಒಂದು ಎಂಬಂತೆ ಇದ್ದರೆ ಎಲ್ಲರಿಗೂ ಓಡಾಡುವ ದಾರಿ ನೇರವಾಗಿ ಸಿಗುತ್ತದೆ. ಎರಡೆರಡರ ಮೂರು ಜೋಡಿ ಕಂಡರೆ ಅದು ಹಳೆಯ ವಿನ್ಯಾಸ. ಕಿಟಕಿ ಪಕ್ಕದವರು ನಡುರಾತ್ರಿ ಶೌಚಾಲಯಕ್ಕೆ ಹೋಗಬೇಕಾದರೆ, ಮಲಗಿರುವ ಪಕ್ಕದವರ ಕಾಲನ್ನು ದಾಟಿಯೇ ಹೋಗಬೇಕು. ಅರವತ್ತು ದಾಟಿದವರಿಗೆ ಇದು ಸಣ್ಣ ಸಂಗತಿಯಲ್ಲ.

ಲುಫ್ತಾನ್ಸಾದ ಹಳೆಯ ಬಿಸಿನೆಸ್ ಕ್ಲಾಸ್ ಇಂಥ ಜೋಡಿ ಸೀಟುಗಳದ್ದು. ಅದರ ವಿಶೇಷವೆಂದರೆ ಜೋಡಿಯ ಎರಡೂ ಸೀಟುಗಳು ಒಂದರ ಕಡೆಗೊಂದು ಸ್ವಲ್ಪ ಓರೆಯಾಗಿರುತ್ತವೆ. ಮಲಗಿದಾಗ ತಲೆಗಳು ದೂರವಿದ್ದರೂ ಪಾದಗಳು ಹತ್ತಿರ ಹತ್ತಿರ ಬಂದು ಸೇರುತ್ತವೆ. ಗಂಡ ಹೆಂಡತಿ ಹೋಗುವುದಾದರೆ ಇದರಿಂದ ತೊಂದರೆಯಿಲ್ಲ, ಮಾತಾಡಲು ಅನುಕೂಲವೇ. ಒಬ್ಬಂಟಿಯಾಗಿ ಹೋಗುವ ಹೆಣ್ಣುಮಗಳಿಗೆ, ಅಪರಿಚಿತರ ಪಾದದ ಪಕ್ಕ ತನ್ನ ಪಾದ ಚಾಚಿ ಮಲಗುವುದು ಖಂಡಿತ ಹಿತವೆನಿಸದು. ಇದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಎ350 ವಿಮಾನಗಳಲ್ಲಿ ಅಲೆಗ್ರಿಸ್ ಎಂಬ ಹೊಸ ವ್ಯವಸ್ಥೆಯನ್ನು ಆರಂಭಿಸಿತು. ಅದು ಎಲ್ಲ ರೀತಿಯಿಂದಲೂ ಮೇಲು. ಆದರೆ ಅದರೊಳಗೆ ಹಲವು ದರ್ಜೆಯ ಸೀಟುಗಳಿದ್ದು, ಬಾಗಿಲಿರುವ ಮುಂದಿನ ಕೋಣೆ, ಉದ್ದವಾದ ಹಾಸಿಗೆ, ಕಿಟಕಿಗೆ ಅಂಟಿಕೊಂಡ ಏಕಾಂತದ ಸೀಟು ಮೊದಲಾದವಕ್ಕೆ ಟಿಕೆಟ್ಟಿನ ಮೇಲೆ ಮತ್ತೆ ಹಣ ಕಟ್ಟಬೇಕು. ಬಿಸಿನೆಸ್ ಕ್ಲಾಸಿನ ಹಣ ತೆತ್ತ ಮೇಲೂ ಒಳ್ಳೆಯ ಸೀಟಿಗೆ ಬೇರೆ ದರ ಕೇಳುವುದು ನನಗೆ ಒಪ್ಪಿಗೆಯಾಗದ ಪದ್ಧತಿ, ಆದರೂ ಅದು ಈಗ ಎಲ್ಲೆಡೆ ಹಬ್ಬುತ್ತಿದೆ. ವಿಮಾನ ಬದಲಾದರೆ ಅಲೆಗ್ರಿಸ್ ಎಂದು ಕೊಂಡವರು ಹಳೆಯ ಜೋಡಿ ಸೀಟಿನಲ್ಲಿ ಕೂರಬೇಕಾಗಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬ್ರಿಟಿಷ್ ಏರ್‌ವೇಸ್‌ನಲ್ಲಿ ಅಂತರ ಇನ್ನೂ ಹೆಚ್ಚು. ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು 2000ನೇ ಇಸವಿಯಲ್ಲಿ ತಂದದ್ದು ಇದೇ ಸಂಸ್ಥೆ. ಅಂದಿನ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆ ಪರಂಪರೆಯ ಕ್ಲಬ್ ವರ್ಲ್ಡ್ ಸೀಟಿನಲ್ಲಿ ಅರ್ಧ ಪ್ರಯಾಣಿಕರು ವಿಮಾನದ ಬಾಲದ ಕಡೆ ಮುಖ ಮಾಡಿ ಕೂರುತ್ತಾರೆ, ಪಕ್ಕದವರ ಮುಖ ನೇರ ಎದುರಿಗಿರುತ್ತದೆ, ನಡುವಿನ ಪರದೆ ಏರಿಸುವವರೆಗೂ ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಮುಜುಗರಪಡುತ್ತಾರೆ. 2019ರಲ್ಲಿ ಎ350 ವಿಮಾನದೊಂದಿಗೆ ಬಂದ ಕ್ಲಬ್ ಸೂಟ್‌ನಲ್ಲಿ ಪ್ರತಿಯೊಬ್ಬರಿಗೂ ಬಾಗಿಲು, ನೇರ ದಾರಿ ಎರಡೂ ಇವೆ. ಸೀಟ್ ಮ್ಯಾಪಿನಲ್ಲಿ ಕ್ಲಬ್ ಸೂಟ್ ಕಂಡರೆ ಧೈರ್ಯವಾಗಿ ಕೊಳ್ಳಬಹುದು. ಹಳೆಯದು ಕಂಡರೆ ಅದೇ ಬೆಲೆಗೆ ಬೇರೆ ಸಂಸ್ಥೆ ನೋಡುವುದು ಲೇಸು. ಅಗ್ಗದ ಬಿಸಿನೆಸ್ ಟಿಕೆಟ್ಟಿನವರಿಗೆ ಇಲ್ಲಿ ಹೊರಡುವ 24 ಗಂಟೆಗೆ ಮುಂಚೆ ಸೀಟನ್ನು ಉಚಿತವಾಗಿ ಆರಿಸಲು ಬಿಡುವುದಿಲ್ಲ ಎಂಬುದು ನೆನಪಿರಲಿ. ಜೊತೆಯಲ್ಲಿ ಕೂರಲೇಬೇಕಾದ ದಂಪತಿ ಆ ಶುಲ್ಕವನ್ನೂ ಸೇರಿಸಿ ದರ ಹೋಲಿಸಬೇಕು.

ಏರ್ ಫ್ರಾನ್ಸ್‌ನ ದೂರದ ವಿಮಾನಗಳಲ್ಲಿ ಒಂದು-ಎರಡು-ಒಂದು ಜೋಡಣೆಯೇ ರೂಢಿಯಾಗಿದ್ದು, 2023ರಿಂದ ಕೆಲವು ದೊಡ್ಡ 777 ವಿಮಾನಗಳಲ್ಲಿ ಜಾರುಬಾಗಿಲಿನ ಸೀಟು ಬಂದಿದೆ. ಕೆಎಲ್‌ಎಂ ಸಂಸ್ಥೆಯ 787ರಲ್ಲಿ ಬಾಗಿಲಿಲ್ಲದಿದ್ದರೂ ಸೀಟು ಓರೆಯಾಗಿ ಕಿಟಕಿಗೆ ಮುಖ ಮಾಡಿರುವುದರಿಂದ ಮರೆ ಸಾಕಷ್ಟಿದೆ. 777ರ ಹೊಸ ಸೀಟಿಗೆ ಬಾಗಿಲೂ ಇದೆ. ಎ330 ಬಂದರೆ ಮಾತ್ರ ಎರಡೆರಡರ ಹಳೆಯ ಜೋಡಣೆ. ವರ್ಜಿನ್ ಅಟ್ಲಾಂಟಿಕ್‌ನ 787ರಲ್ಲಿ ಎಲ್ಲರಿಗೂ ನೇರ ದಾರಿಯಿದೆ, ಆದರೆ ಕಿಟಕಿಗೆ ಬೆನ್ನು ಹಾಕಿ ಓಡಾಡುವ ದಾರಿಗೆ ಮುಖ ಮಾಡಿ ಕೂರಬೇಕು. ಮಲಗಬೇಕೆಂದರೆ ಎದ್ದು ನಿಲ್ಲಬೇಕು. ಸಿಬ್ಬಂದಿ ಬಂದು ಸೀಟಿನ ಬೆನ್ನನ್ನು ಮುಂದಕ್ಕೆ ಮಗುಚಿ, ಅದರ ಹಿಂಬದಿಯ ಮೇಲೆ ಹಾಸಿಗೆ ಹಾಸಿಕೊಡುತ್ತಾರೆ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿದ್ದು ಬೆನ್ನುನೋವಿನವರಿಗೆ ಒಗ್ಗುತ್ತದೆ. ಅರ್ಧ ಒರಗಿ, ಅರ್ಧ ನಿದ್ದೆ ಮಾಡುವ ಅಭ್ಯಾಸದವರಿಗೆ ಮಾತ್ರ ಪದೇ ಪದೇ ಎದ್ದು ನಿಲ್ಲುವುದು ಕಿರಿಕಿರಿ.

ಕಾಲಿನ ಪೆಟ್ಟಿಗೆಯ ವಿಚಾರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇಂಥ ಹೆಚ್ಚಿನ ಓರೆ ಸೀಟುಗಳಲ್ಲಿ ಮಲಗಿದಾಗ ಪಾದಗಳು ಮುಂದಿನ ಸೀಟಿನ ಅಡಿಯ ಗೂಡೊಳಗೆ ಹೋಗುತ್ತವೆ. ಗೂಡು ಇಕ್ಕಟ್ಟಾಗಿದ್ದರೆ ಮಗ್ಗುಲು ತಿರುಗುವಾಗ ಮೊಣಕಾಲು ತಾಗುತ್ತದೆ. ಮೊದಲ ಸಾಲಿನ ಸೀಟಿಗೆ ಮುಂದೆ ಗೋಡೆಯಷ್ಟೇ ಇರುವುದರಿಂದ ಗೂಡು ಅಗಲವಾಗಿರುತ್ತದೆ. ಎತ್ತರದವರು, ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರು ಆ ಸಾಲನ್ನೇ ಹುಡುಕಬೇಕು. ಪಕ್ಕದಲ್ಲಿ ಅಡುಗೆಯ ಕಟ್ಟೆಯ ಸದ್ದು, ಕೆಲವೊಮ್ಮೆ ತೊಟ್ಟಿಲಿನ ಮಗುವಿನ ಅಳು ಇದ್ದರೂ ಸಹಿಸಿಕೊಳ್ಳುವುದು ಮೇಲು.

ವಿಮಾನ ಬದಲಾವಣೆ ಮತ್ತು ವೀಸಾ

ಅಮೆರಿಕಕ್ಕೆ ಹೋಗುವವರಿಗೆ ಸೀಟಿನಷ್ಟೇ ಮುಖ್ಯವಾದುದು ನಡುವಿನ ನಿಲ್ದಾಣ. ಆಮ್‌ಸ್ಟರ್‌ಡ್ಯಾಂನ ಸ್ಕಿಪೋಲ್ ಒಂದೇ ಸೂರಿನ ಕೆಳಗಿರುವ ನಿಲ್ದಾಣ, ನಡಿಗೆ ಇದ್ದರೂ ಬಸ್ಸು ಹತ್ತಬೇಕಾಗಿಲ್ಲ. ಮ್ಯೂನಿಕ್‌ನ ಎರಡನೆಯ ಟರ್ಮಿನಲ್ ಮತ್ತು ಅದರ ಉಪಕಟ್ಟಡದ ನಡುವೆ ನೆಲದಡಿಯ ರೈಲಿದ್ದು, ಮೊದಲ ಬಾರಿ ಹೋಗುವವರಿಗೆ ನನ್ನ ಲೆಕ್ಕದಲ್ಲಿ ಇವೆರಡೇ ಸುಲಭ. ಫ್ರಾಂಕ್‌ಫರ್ಟ್‌ನಲ್ಲಿ ಉದ್ದುದ್ದ ಓಣಿಗಳು. ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಲ್ಲಿ 2ಇ ಟರ್ಮಿನಲ್ಲಿನ ಸಭಾಂಗಣಗಳ ನಡುವೆ ಸಣ್ಣ ರೈಲಿನ ಓಡಾಟ. ಹೀಥ್ರೋದಲ್ಲಿ ಟರ್ಮಿನಲ್ ಬದಲಾದರೆ ಬಸ್ಸು. ಎಲ್ಲೆಡೆಯೂ ಭದ್ರತಾ ತಪಾಸಣೆ ಇನ್ನೊಮ್ಮೆ ಆಗುವುದರಿಂದ ಎರಡು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಬೇಡ. ಗಾಲಿಕುರ್ಚಿಯ ಸೇವೆ ಯಾವ ದರ್ಜೆಯವರಿಗೂ ಉಚಿತ. ಹೊರಡುವ 48 ಗಂಟೆ ಮೊದಲೇ ಸಂಸ್ಥೆಗೆ ತಿಳಿಸಿರಬೇಕು.

ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರು ಷೆಂಗೆನ್ ದೇಶಗಳಲ್ಲಾಗಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಬ್ರಿಟನ್ನಿನಲ್ಲಾಗಲಿ ನಿಲ್ದಾಣದ ಒಳಗೇ ವಿಮಾನ ಬದಲಿಸಲು ಬೇರೆ ವೀಸಾ ಮಾಡಿಸಬೇಕಾಗಿಲ್ಲ. ಆದರೆ ಈ ವಿನಾಯಿತಿಗೆ ಒಂದು ಮಿತಿಯಿದೆ. ಬೆಂಗಳೂರು, ಮ್ಯೂನಿಕ್, ಫ್ರಾಂಕ್‌ಫರ್ಟ್, ಶಿಕಾಗೋ ಎಂಬಂತೆ ಷೆಂಗೆನ್ ವಲಯದ ಎರಡು ನಿಲ್ದಾಣಗಳನ್ನು ಮುಟ್ಟಿ ಹೋಗುವ ಟಿಕೆಟ್ ಕೊಂಡರೆ, ಆ ಎರಡರ ನಡುವಿನ ಹಾರಾಟ ದೇಶದೊಳಗಿನ ಪ್ರಯಾಣದಂತೆಯೇ ಆಗುತ್ತದೆ. ಆಗ ಷೆಂಗೆನ್ ವೀಸಾ ಇಲ್ಲದೆ ಬೆಂಗಳೂರಿನಲ್ಲಿಯೇ ಹತ್ತಲು ಬಿಡುವುದಿಲ್ಲ. ಪ್ಯಾರಿಸ್ ಮತ್ತು ಆಮ್‌ಸ್ಟರ್‌ಡ್ಯಾಂ ಎರಡನ್ನೂ ಸೇರಿಸಿದ ಟಿಕೆಟ್ಟಿಗೂ ಇದೇ ಮಾತು. ಹುಡುಕಾಟದ ಪಟ್ಟಿಯಲ್ಲಿ ಹತ್ತಿಪ್ಪತ್ತು ಸಾವಿರ ಕಡಿಮೆಗೆ ಕಾಣುವ ಟಿಕೆಟ್‌ಗಳಲ್ಲಿ ಇಂಥವು ಸೇರಿಕೊಂಡಿರುವುದುಂಟು. ಬೇರೆ ದೇಶಗಳಿಗೆ ಹೋಗುವವರು ತಮ್ಮ ನಡುವಿನ ನಿಲ್ದಾಣದ ದೇಶದ ದೂತಾವಾಸದ ಪುಟವನ್ನು ನೋಡಿಯೇ ಹಣ ಕಟ್ಟಬೇಕು, ಏಕೆಂದರೆ ಈ ನಿಯಮಗಳು ಆಗಾಗ ಬದಲಾಗುತ್ತವೆ.

ಯುರೋಪಿನೊಳಗೇ ಮುಂದಿನ ಊರಿಗೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿಯ ಸಣ್ಣ ಹಾರಾಟಗಳಲ್ಲಿ ಬಿಸಿನೆಸ್ ಕ್ಲಾಸ್ ಎಂದರೆ ಎಕಾನಮಿಯ ಸೀಟೇ. ನಡುವಿನ ಸೀಟನ್ನು ಖಾಲಿ ಬಿಟ್ಟು ಮುಂದೆ ಒಂದು ಪರದೆ ಎಳೆದಿರುತ್ತಾರೆ, ಅಷ್ಟೆ.

ಹೋಗುವಾಗ ಒಂದು, ಬರುವಾಗ ಇನ್ನೊಂದು

ಬೆಂಗಳೂರಿನಿಂದ ಹೊರಡುವ ಈ ವಿಮಾನಗಳಲ್ಲಿ ಹೆಚ್ಚಿನವು ಮಧ್ಯರಾತ್ರಿಯಿಂದ ಬೆಳಗಿನ ಜಾವದ ನಡುವೆ ಹೊರಡುತ್ತವೆ. ದಾವಣಗೆರೆಯವರು ಸುಮಾರು 260 ಕಿಲೋಮೀಟರ್, ಚಿತ್ರದುರ್ಗದವರು ಸುಮಾರು 200 ಕಿಲೋಮೀಟರ್ ರಸ್ತೆಯಲ್ಲಿ ಕೂತು, ಮೂರು ಗಂಟೆ ಮುಂಚೆ ನಿಲ್ದಾಣ ಮುಟ್ಟಿ, ಆಮೇಲೆ ವಿಮಾನ ಹತ್ತುತ್ತಾರೆ. ಹಿರಿಯೂರು, ಶಿರಾ, ತುಮಕೂರು ದಾಟಿದ ಮೇಲೆ ನೆಲಮಂಗಲದ ಕಡೆ ಹೋಗದೆ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಸಂಜೆಯ ದಟ್ಟಣೆ ತಪ್ಪುತ್ತದೆ. ಮಧ್ಯಾಹ್ನದ ನಂತರ ದಾವಣಗೆರೆಗೆ ಬಂದು ಸಂಜೆ ಬೆಂಗಳೂರು ತಲುಪುವ ವಂದೇ ಭಾರತ್ ರೈಲು ಕೂಡ ರಾತ್ರಿಯ ವಿಮಾನಕ್ಕೆ ಹೊಂದುತ್ತದೆ. ಆದರೆ ಮೂವತ್ತೆರಡು ಕಿಲೋ ತೂಕದ ಬ್ಯಾಗುಗಳೊಂದಿಗೆ ರೈಲು ಇಳಿದು ಟ್ಯಾಕ್ಸಿ ಹಿಡಿಯುವುದು ಹಿರಿಯರಿಗೆ ಹೇಳಿದ್ದಲ್ಲ. ಹೀಗೆ ಇಡೀ ದಿನದ ದಣಿವಿನ ಮೇಲೆ ಹತ್ತುವ ರಾತ್ರಿಯ ವಿಮಾನದಲ್ಲಿ ಹಾಸಿಗೆಗೆ ಕೊಟ್ಟ ಹಣ ಪೂರ್ತಿ ದಕ್ಕುತ್ತದೆ.

ಹಿಂದಿರುಗುವ ದಾರಿ ಹಾಗಲ್ಲ. ಯುರೋಪಿನಿಂದ ಬರುವ ವಿಮಾನಗಳಲ್ಲಿ ಬಹುಪಾಲು ಅಲ್ಲಿಯ ಬೆಳಗ್ಗೆ ಅಥವಾ ಮಧ್ಯಾಹ್ನ ಹೊರಟು ಇಲ್ಲಿಯ ನಡುರಾತ್ರಿಯ ಆಸುಪಾಸಿನಲ್ಲಿ ಇಳಿಯುತ್ತವೆ. ಹಗಲೆಲ್ಲ ಎಚ್ಚರವಿದ್ದು ಸಿನಿಮಾ ನೋಡುವ ಹಾರಾಟಕ್ಕೆ ಹಾಸಿಗೆಯ ಬೆಲೆ ಕೊಡುವುದಕ್ಕಿಂತ, ಎಕಾನಮಿಗೂ ಬಿಸಿನೆಸ್ಸಿಗೂ ನಡುವಿನ ದರ್ಜೆಯಾದ ಪ್ರೀಮಿಯಂ ಎಕಾನಮಿಯ ಅಗಲವಾದ ಸೀಟು ಸಾಕು. ಈ ಐದೂ ಸಂಸ್ಥೆಗಳಲ್ಲಿ ಆ ದರ್ಜೆ ಇದೆ, ಮತ್ತು ಒಂದೇ ಟಿಕೆಟ್ಟಿನಲ್ಲಿ ಹೋಗುವುದಕ್ಕೆ ಬಿಸಿನೆಸ್, ಬರುವುದಕ್ಕೆ ಪ್ರೀಮಿಯಂ ಎಂದು ಹೆಣೆಯಲು ಸಾಧ್ಯವಿದೆ. ಬಜೆಟ್ ಬಿಗಿಯಾಗಿರುವ ಯುರೋಪ್ ಪ್ರಯಾಣಿಕರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಅಮೆರಿಕದಿಂದ ಬರುವವರ ಸಂಗತಿ ಬೇರೆ: ಅವರು ಅಟ್ಲಾಂಟಿಕ್ ದಾಟುವ ರಾತ್ರಿಯಲ್ಲಿ ಸರಿಯಾಗಿ ಮಲಗದೆ ಯುರೋಪ್ ಮುಟ್ಟುವುದರಿಂದ, ಅವರಿಗೆ ಹಾಸಿಗೆ ಬೇಕಾಗುವುದು ಆ ರಾತ್ರಿಗೆ.

ಊಟ, ಸಾಮಾನು

ಊಟದ ವಿಷಯದಲ್ಲಿ ನಮ್ಮ ಕಡೆಯವರು ತಪ್ಪದೆ ತಿಳಿದಿರಬೇಕಾದದ್ದು ಒಂದಿದೆ. ವಿಶೇಷ ಊಟದ ಪಟ್ಟಿಯಲ್ಲಿ ಎಚ್‌ಎನ್‌ಎಂಎಲ್ ಎಂದಿರುವ ಹಿಂದೂ ಊಟ ಸಸ್ಯಾಹಾರವಲ್ಲ. ದನದ ಮಾಂಸ ಇರುವುದಿಲ್ಲ ಎಂಬುದಷ್ಟೇ ಅದರ ಅರ್ಥ, ಕೋಳಿಯೋ ಕುರಿಯೋ ಮೀನೋ ಇರಬಹುದು. ಹೆಸರು ನೋಡಿ ಅದನ್ನು ಆರಿಸಿಕೊಂಡ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳವರು ತಟ್ಟೆಯ ಮುಚ್ಚಳ ತೆಗೆದು ಪೇಚಿಗೆ ಸಿಲುಕುತ್ತಾರೆ. ಬೇಕಾದದ್ದು ಎವಿಎಂಎಲ್, ಅಂದರೆ ಭಾರತೀಯ ರೀತಿಯ ಸಸ್ಯಾಹಾರ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ವಿಜೆಎಂಎಲ್. ಹಾಲು ತುಪ್ಪವನ್ನೂ ಬಿಟ್ಟವರಿಗೆ ವಿಜಿಎಂಎಲ್. ಇವನ್ನು ಕನಿಷ್ಠ 24 ಗಂಟೆ ಮೊದಲೇ ಹೇಳಿರಬೇಕು, ಮತ್ತು ಹೋಗುವ ಬರುವ ಪ್ರತಿಯೊಂದು ಹಾರಾಟಕ್ಕೂ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಯುರೋಪಿನಲ್ಲಿ ತುಂಬಿಸಿಕೊಂಡು ಬರುವ ಊಟ ಬೆಂಗಳೂರಿನಲ್ಲಿ ತುಂಬಿಸಿದ್ದಕ್ಕಿಂತ ಸಪ್ಪೆ ಎಂಬುದು ಐದೂ ಸಂಸ್ಥೆಗಳಿಗೆ ಸಮಾನವಾಗಿ ಅನ್ವಯಿಸುವ ಮಾತು. ಕೈಚೀಲದಲ್ಲಿ ಶೇಂಗಾ ಚಟ್ನಿಪುಡಿ ಇದ್ದರೆ ಬ್ರೆಡ್ಡಿಗೂ ಆದೀತು, ಅನ್ನಕ್ಕೂ ಆದೀತು.

ಊಟಕ್ಕೆ ಸಂಬಂಧಿಸಿದ ಒಂದು ಸಣ್ಣ ಆಕರ್ಷಣೆ ಕೆಎಲ್‌ಎಂನಲ್ಲಿದೆ. ಬಿಸಿನೆಸ್ ಕ್ಲಾಸಿನವರಿಗೆ ಇಳಿಯುವ ಮುನ್ನ ನೀಲಿ-ಬಿಳಿ ಪಿಂಗಾಣಿಯ ಪುಟ್ಟ ಡಚ್ ಮನೆಯೊಂದನ್ನು ಕೊಡುತ್ತಾರೆ. ಒಳಗೆ ಜೆನೀವರ್ ಎಂಬ ಅಲ್ಲಿಯ ಮದ್ಯ. 1952ರಿಂದ ಈ ಪದ್ಧತಿ ನಡೆದು ಬಂದಿದ್ದು, ಸಂಸ್ಥೆಯ ಹುಟ್ಟುಹಬ್ಬವಾದ ಅಕ್ಟೋಬರ್ 7ರಂದು ಪ್ರತಿವರ್ಷ ಹೊಸ ಮನೆಯೊಂದು ಸೇರುತ್ತದೆ. ಷೋಕೇಸಿಗೆ ಚೆಂದ, ಟಿಕೆಟ್ ಕೊಳ್ಳಲು ಕಾರಣವಲ್ಲ.

ಸಾಮಾನಿನ ವಿಷಯದಲ್ಲಿ ಹೋಲಿಸುವುದಕ್ಕೆ ಹೆಚ್ಚೇನಿಲ್ಲ: ಸಾಮಾನ್ಯ ಬಿಸಿನೆಸ್ ಟಿಕೆಟ್ಟಿನಲ್ಲಿ 32 ಕಿಲೋ ತೂಕದ ಎರಡು ಬ್ಯಾಗು. ಆದರೆ ಯುರೋಪಿಗೇ ಹೋಗುವವರು ಅದರಲ್ಲಿ ದಾವಣಗೆರೆಯ ಬೆಣ್ಣೆ, ತುಪ್ಪ, ಪೇಡ ತುಂಬುವಂತಿಲ್ಲ. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಉಪ್ಪಿನಕಾಯಿಯ ಡಬ್ಬಿ ದೊಡ್ಡ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಕೈಬಿಡುತ್ತದೆ.

ದರ, ತೆರಿಗೆ, ಕಾನೂನು

2025ರ ಸೆಪ್ಟೆಂಬರ್ 22ರಿಂದ ಎಕಾನಮಿಯಲ್ಲದ ವಿಮಾನ ಟಿಕೆಟ್ಟಿನ ಜಿಎಸ್‌ಟಿ ಶೇ. 12ರಿಂದ ಶೇ. 18ಕ್ಕೆ ಏರಿದೆ, ಎಕಾನಮಿಗೆ ಶೇ. 5 ಮಾತ್ರ. ವ್ಯವಹಾರಕ್ಕಾಗಿ ಹೋಗುವ, ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರು ಟಿಕೆಟ್ ಕೊಳ್ಳುವಾಗಲೇ ತಮ್ಮ ಸಂಖ್ಯೆ ಕೊಟ್ಟು ಬಿಲ್ಲು ಪಡೆದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಕೊಂಡ ಮೇಲೆ ಸಂಖ್ಯೆ ಸೇರಿಸಲು ಓಡಾಡುವುದು ಆಡಿಟರಿಗೂ ತಲೆನೋವು. ಏಜೆಂಟರ ಮೂಲಕ ಕೊಂಡರೆ ತಪ್ಪೇನಿಲ್ಲ, ಊರಿನಲ್ಲೇ ಕನ್ನಡದಲ್ಲಿ ಮಾತಾಡಿ ಬಗೆಹರಿಸುವವರೊಬ್ಬರು ಇರುತ್ತಾರೆ. ಆದರೆ ಟಿಕೆಟ್ಟಿನಲ್ಲಿ ಅವರ ಮೊಬೈಲ್ ಸಂಖ್ಯೆಯಷ್ಟೇ ಇರದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ವಿಮಾನ ತಡವಾದ ಸಂದೇಶ ಶಿರಾ ದಾಟುವವರೆಗೂ ನಮಗೆ ತಲುಪುವುದಿಲ್ಲ.

ಯುರೋಪಿನ ಸಂಸ್ಥೆಯನ್ನು ಆರಿಸಲು ಇರುವ, ಹೆಚ್ಚು ಜನ ಎಣಿಸದ ಕಾರಣವೆಂದರೆ ವಿಮಾನ ಪ್ರಯಾಣಿಕರಿಗೆ ಪರಿಹಾರ ಕೊಡಿಸುವ, ಅಲ್ಲಿಯ 261/2004 ಎಂಬ ಕಾನೂನು. ಬೆಂಗಳೂರಿನಿಂದ ಯುರೋಪಿಗೆ ಐರೋಪ್ಯ ಒಕ್ಕೂಟದ ಸಂಸ್ಥೆಯ ವಿಮಾನದಲ್ಲಿ ಹೋಗುವವರಿಗೆ ಇದು ಅನ್ವಯಿಸುತ್ತದೆ. ಅದೇ ದಾರಿಯನ್ನು ಕೊಲ್ಲಿಯ ಸಂಸ್ಥೆಯಲ್ಲಿ ದುಬೈ ಮೇಲೆ ಹೋದರೆ ಅನ್ವಯಿಸುವುದಿಲ್ಲ. ಹವಾಮಾನದಂಥ ಅಸಾಧಾರಣ ಕಾರಣವಿಲ್ಲದೆ ದೂರದ ವಿಮಾನ ನಾಲ್ಕು ಗಂಟೆಗೂ ಮೀರಿ ತಡವಾಗಿ ತಲುಪಿದರೆ 600 ಯೂರೋ ಪರಿಹಾರ. ಬ್ರಿಟನ್ನಿನಲ್ಲಿ ಇದೇ ಮಾದರಿಯ ಸ್ವಂತ ಕಾನೂನಿದ್ದು ಮೊತ್ತ 520 ಪೌಂಡ್.

ಬಿಸಿನೆಸ್ ಕ್ಲಾಸಿನವರಿಗೆ ಇನ್ನೂ ಮುಖ್ಯವಾದುದು 261/2004 ಕಾನೂನಿನ ಹತ್ತನೆಯ ವಿಧಿ. ಸೀಟು ಹೆಚ್ಚು ಮಾರಿದ್ದರಿಂದಲೋ ಚಿಕ್ಕ ವಿಮಾನ ಬಂದದ್ದರಿಂದಲೋ ನಿಮ್ಮನ್ನು ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ, 3500 ಕಿಲೋಮೀಟರಿಗಿಂತ ದೂರದ ಹಾರಾಟದಲ್ಲಿ ಆ ಹಾರಾಟದ ಟಿಕೆಟ್ ಬೆಲೆಯ ಶೇ. 75ನ್ನು ಏಳು ದಿನದೊಳಗೆ ಹಿಂದಿರುಗಿಸಬೇಕು. ಎರಡು ದರ್ಜೆಗಳ ನಡುವಿನ ದರದ ವ್ಯತ್ಯಾಸವನ್ನಷ್ಟೇ ಕೊಡುತ್ತೇವೆ ಎಂದೋ, ವೋಚರ್ ತೆಗೆದುಕೊಳ್ಳಿ ಎಂದೋ ಕೌಂಟರಿನಲ್ಲಿ ಹೇಳಿದರೆ ಒಪ್ಪಿ ಸಹಿ ಹಾಕಬಾರದು. ಹಳೆಯ ಮತ್ತು ಹೊಸ ಎರಡೂ ಬೋರ್ಡಿಂಗ್ ಪಾಸುಗಳ ಫೋಟೊ ತೆಗೆದಿಟ್ಟುಕೊಂಡು, ಊರು ಮುಟ್ಟಿದ ಮೇಲೆ ಸಂಸ್ಥೆಯ ಜಾಲತಾಣದಲ್ಲಿ ವಿಧಿಯ ಸಂಖ್ಯೆಯನ್ನು ಉಲ್ಲೇಖಿಸಿ ಅರ್ಜಿ ಹಾಕಬೇಕು.